ಮಾರಿದ ಎಮ್ಮೆಯ ಕಣ್ಣಿ

ಆ ದಿನ ಮುಂಜಾನೆ ನಮ್ಮವರು ಇಸ್ಮಾಯಿಲನ ಮನೆಯಿಂದ ಬಂದಾಗ ನಾನು ಹಿತ್ತಲ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅವರು ಕಾಲು ತೊಳೆದುಕೊಂಡು ಬಂದು ಪಕ್ಕದಲ್ಲಿ ಕುಳಿತರು. ಕೈಯನ್ನು ಮೂಗಿನ ಹತ್ತಿರ ಹಿಡಿದು ಒಮ್ಮೆ ಮೂಸಿದರು. ಎಮ್ಮೆ ಮಾರಿದ ಮೇಲೆ ಹತ್ತಿದ ಚಟ ಅದು. ನಾನು ನೋಡಿಯೂ ನೋಡದವಳ ಹಾಗೆ ಹಂಚಿನ ಮೇಲಿನ ರೊಟ್ಟಿ ತಿರುವಿದೆ.

ನಾವು ಮಾರಿದ ಎಮ್ಮೆ ಚುಕ್ಕಿ ಅವತ್ತೂ ಅದನ್ನು ಕೊಂಡ ಇಸ್ಮಾಯಿಲನ ಕೈಗೆ ಹಾಲು ಬಿಡಲಿಲ್ಲವಂತೆ. ಇಸ್ಮಾಯಿಲ ಹಿಂಡಿ ಇಟ್ಟ, ಬೆಲ್ಲ ತಿನಿಸಿದ. ಅವನ ಹೆಂಡತಿ ಖಾಸೀಂಬಿ ಮೈ ತಿಕ್ಕಿದಳು. ಎಮ್ಮೆ ಕಾಲು ಝಾಡಿಸಿ ಚರಿಗೆ ಉರುಳಿಸಿತು. ಆಮೇಲೆ ಇವರು ಹೋಗಿ ಕೆಚ್ಚಲಿಗೆ ಕೈ ಹಚ್ಚಿ ಏನೋ ಮಾತಾಡಿದ ಮೇಲೆ ಸೊರ ಬಿಟ್ಟು ಹಾಲು ಕೊಟ್ಟಿತು. ಇದನ್ನು ಹೇಳುವಾಗ ಅವರ ಮುಖದಲ್ಲಿ ಬೇಸರ ಇರಲಿಲ್ಲ. ಒಳಗೊಳಗೆ ಖುಷಿ ಇತ್ತು.

“ಇನ್ನ ಎಷ್ಟ ದಿನ ಹೋಗೋರು ನೀವು?” ಎಂದೆ.

“ಆಕಿ ನನ್ನ ಮರಿಯೂ ತನಕ.”

“ಎಮ್ಮಿ ಮರೀತದೇನು?”

“ನೀ ಮರ್ತಿ ಅಲ್ಲ, ಆಕೀನೂ ಮರೀತಾಳ ಬಿಡು,” ಎಂದು ನಕ್ಕು ರೊಟ್ಟಿ ಮುರಿದರು. ಪುಂಡಿಪಲ್ಯ ಹಾಕಿದೆ. ಮತ್ತೊಂದು ರೊಟ್ಟಿ ಕೇಳಿದರು. ಬಿಸಿಯಾದದ್ದು ಕೊಡಬಹುದಿತ್ತು. ಮುಂಚೆ ಬಡಿದಿಟ್ಟ ತಣ್ಣಗಿನದು ಕೊಟ್ಟೆ.

ಅಷ್ಟೇ. ಆ ದಿನ ಬೇರೆ ಏನೂ ವಿಶೇಷ ಇರಲಿಲ್ಲ. ಸಂಜೆ ಎದುರು ಮನೆಯ ವಿದ್ಯಾವತಿಬಾಯಿಯ ಬಸುರಿ ಮಗಳಿಗೆ ಕುಬಸ ಇತ್ತು. ನನ್ನನ್ನೂ ಕರೆದಿದ್ದರು. ಆ ಮನೆಯ ಕಾರ್ಯಕ್ಕೆ ನನ್ನನ್ನು ಕರೆದದ್ದು ಅದೇ ಮೊದಲು. ಮುಂಜಾನೆಯಿಂದ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ, ಯಾವ ಸೀರೆ ಉಡಲಿ ಎಂದು.

ನಮ್ಮ ಮನೆ ಜೇವರ್ಗಿ ಊರು ಮುಗಿದ ಮೇಲೆ ಬರುವ ಲೇಔಟಿನಲ್ಲಿದೆ. ಕಲಬುರಗಿ ರಸ್ತೆಯ ಲಾರಿಗಳ ಸದ್ದು ಇಲ್ಲಿಗೆ ಸಣ್ಣಗೆ ಕೇಳುತ್ತದೆ, ಅಷ್ಟೇ. ಒಂದೇ ಓಣಿ, ಎರಡೂ ಕಡೆ ಮನೆ, ಗೇಟು, ಗೇಟಿನ ಮುಂದೆ ತುಳಸಿ, ಇಲ್ಲವೆ ಮೋಟರ್ ಸೈಕಲ್ಲು. ಓಣಿ ಮುಗಿದಲ್ಲಿ ಜವಳು. ಮೊದಲು ಅದು ಎರೆಹೊಲ ಇತ್ತು. ಕಾಲುವೆ ನೀರು ಬಂದ ಮೇಲೆ ತಗ್ಗಿನ ಹೊಲಕ್ಕೆಲ್ಲ ನೀರು ಜಿನುಗಿ ಜಿನುಗಿ ನಿಂತುಬಿಟ್ಟಿತು. ಈಗ ಅಲ್ಲಿ ಆಳೆತ್ತರ ಜಂಬುಹುಲ್ಲು, ನೀರುಕೋಳಿ, ಬೆಳ್ಳಕ್ಕಿ. ರವಿವಾರ ಕಲಬುರಗಿಯಿಂದ ಕ್ಯಾಮೆರಾ ಹಿಡಿದವರು ಬಂದು ಹಕ್ಕಿ ನೋಡಿ ಹೋಗುತ್ತಾರೆ. ನಮಗೆ ಸೊಳ್ಳೆ ಉಳಿಯುತ್ತವೆ. ಜವಳಿನ ಆಚೆ ದಂಡೆಗೆ ಇಸ್ಮಾಯಿಲನ ಮನೆ ಮತ್ತು ಅವನ ದನದ ಕೊಟ್ಟಿಗೆ. ಇಲ್ಲಿಂದ ಕೂಗಿದರೆ ಕೇಳುತ್ತದೆ. ಆದರೆ ಓಣಿ ದಾಟಿ, ಡಾಂಬರು ರಸ್ತೆ ಹಿಡಿದು, ಸುತ್ತಿ ಹೋಗಬೇಕೆಂದರೆ ದೂರ.

ನಮ್ಮವರ ಹೆಸರು ಧರ್ಮಣ್ಣ. ನೆಲೋಗಿಯವರು. ಅವರ ಅಪ್ಪ ಮಂದಿಯ ಹೊಲದಲ್ಲಿ ದುಡಿದವರು. ಇವರು ಹತ್ತನೇ ತನಕ ಓದಿ ಜೇವರ್ಗಿಯ ಒಂದು ಕಚೇರಿಯಲ್ಲಿ ಜವಾನರಾದರು. ಬಾಗಿಲು ತೆರೆಯುವುದು, ಕಸ ಹೊಡೆಯುವುದು, ನೀರು ತುಂಬುವುದು, ಚಹಾ ತರುವುದು. ಮೊದಮೊದಲು ಇವರು ತುಂಬಿಟ್ಟ ಕೊಡದ ನೀರನ್ನು ಕೆಲವರು ಕುಡಿಯುತ್ತಿರಲಿಲ್ಲವಂತೆ. ಮುಂದೆ ಎಲ್ಲರೂ ಬಾಟಲಿ ತರತೊಡಗಿದರು. ಯಾರು ಕುಡಿಯುತ್ತಾರೆ, ಯಾರು ಕುಡಿಯುವುದಿಲ್ಲ ಎನ್ನುವುದೇ ತಿಳಿಯದಾಯಿತು. ಇದನ್ನು ಅವರು ನಗುತ್ತಾ ಹೇಳುತ್ತಿದ್ದರು. ಸಿಟ್ಟು ಇಟ್ಟುಕೊಳ್ಳುವ ಜಾತಿಯ ಮನುಷ್ಯ ಅಲ್ಲ. ಗೋಡೆಯ ಮೇಲೆ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ. ಎರಡಕ್ಕೂ ಮುಂಜಾನೆ ಕೈ ಮುಗಿದು ಹೊರಗೆ ಹೋದರೆ ಸಂಜೆ ಹೋದ ಹಾಗೇ ನಕ್ಕೊಂತ ಬರುತ್ತಿದ್ದರು.

ರಿಟೈರ್ ಆಗುವ ಮುಂಚೆ ಈ ಜಾಗ ತೆಗೆದುಕೊಂಡರು. ಜವಳಿನ ಬಾಯಿಗೆ ಇದ್ದುದರಿಂದ ಯಾರೂ ತೆಗೆದುಕೊಂಡಿರಲಿಲ್ಲ. ಎರಡು ಕೋಣೆ ಕಟ್ಟಿದೆವು. ಮಗಳು ಪಂಚಶೀಲಾ ಅಫಜಲಪುರದ ಕಡೆ ಮಾಸ್ತರಿಣಿ ಆದಳು, ಅಲ್ಲೇ ಮದುವೆಯಾಯಿತು. ಆಮೇಲೆ ಇವರು ಎಮ್ಮೆ ತಂದರು. ಹಣೆಯ ಮೇಲೆ ಬಿಳಿ ಮಚ್ಚೆ, ಅದಕ್ಕೆ ಚುಕ್ಕಿ ಎಂದರು. ಕಚೇರಿಯಲ್ಲಿ ಎಲ್ಲರೂ ಇವರಿಗೆ ಕೆಲಸ ಹೇಳುತ್ತಿದ್ದರು. ಎಮ್ಮೆಗೆ ಇವರು ಕೆಲಸ ಹೇಳುತ್ತಾರೆ ಎಂದು ನಾನು ಅಂದುಕೊಂಡೆ. ಹಾಗಾಗಲಿಲ್ಲ. ಎಮ್ಮೆಯೇ ಇವರಿಗೆ ಹೇಳುತ್ತಿತ್ತು.

ಜವಳಿನ ನಡುವೆ ಒಂದು ದಿಬ್ಬ ಇದೆ. ಬ್ಯಾಸಿಗೆಯಲ್ಲೂ ಅಲ್ಲಿ ಹಸಿಹುಲ್ಲು. ಅಲ್ಲಿಗೆ ಹೋಗುವ ದಾರಿ ಕಣ್ಣಿಗೆ ಕಾಣುವುದಿಲ್ಲ, ನೀರಿನ ಕೆಳಗೆ ಇದೆ. ಹಳೆಯ ಹೊಲದ ಬದು ಅದು, ಗಟ್ಟಿ. ಅದರ ಎರಡೂ ಪಕ್ಕ ಹುದುಲು. ಕಾಲಿಟ್ಟರೆ ಎರೆಮಣ್ಣು ಜಗ್ಗುತ್ತದೆ. ಮನುಷ್ಯನಿಗೆ ಅದು ತಿಳಿಯುವುದಿಲ್ಲ, ಎಮ್ಮೆಗೆ ತಿಳಿಯುತ್ತದೆ. ಅದು ಒಂದೊಂದೇ ಕಾಲು ಒತ್ತಿ ನೋಡಿ ಇಡುತ್ತದೆ. ಇವರು ಅದರ ಬಾಲ ಹಿಡಿದು ಹಿಂದೆ ಹೋಗುತ್ತಿದ್ದರು. ಹುಲ್ಲಿನ ಹೊರೆ ಎಮ್ಮೆಯ ಬೆನ್ನ ಮೇಲೆ ಹಾಕಿ ಹಾಗೇ ಬಾಲ ಹಿಡಿದು ಬರುತ್ತಿದ್ದರು. ಕ್ಯಾಮೆರಾದವರು ಹಕ್ಕಿ ಬಿಟ್ಟು ಇವರ ಫೋಟೋ ತೆಗೆದದ್ದೂ ಇದೆ.

ಎಮ್ಮೆಯನ್ನು ಜವಳಿಗೆ ಒಯ್ಯುವಾಗ ಓಣಿಯಲ್ಲೇ ಒಯ್ಯಬೇಕು. ಅದು ನಡೆಯುತ್ತಲೇ ಸಗಣಿ ಹಾಕುತ್ತದೆ. ಅದಕ್ಕೆ ಇವರು ಒಂದು ಕೈಯಲ್ಲಿ ಕಸಬರಿಗೆ, ಬಗಲಲ್ಲಿ ಬುಟ್ಟಿ ಹಿಡಿದೇ ಹೊರಡುತ್ತಿದ್ದರು. ಮಂದಿ ಗೇಟು ತೆರೆಯುವ ಮುಂಚೆ ರಸ್ತೆ ಬಳಿದು ಸ್ವಚ್ಛ ಮಾಡಿಬಿಡುತ್ತಿದ್ದರು. ಕಚೇರಿ ಬಿಟ್ಟರೂ ಕಸಬರಿಗೆ ಬಿಡಲಿಲ್ಲ ನೀವು ಎಂದು ನಾನು ಚುಚ್ಚುತ್ತಿದ್ದೆ.

ಓಣಿಯವರು ನಮ್ಮಲ್ಲಿ ಸಗಣಿ ಒಯ್ಯುತ್ತಿದ್ದರು. ದೀಪಾವಳಿಗೆ ಸಗಣಿಯ ಹಟ್ಟೆವ್ವನನ್ನು ಮಾಡಲು ವಿದ್ಯಾವತಿಬಾಯಿ ತಾನೇ ಬಂದು ಬುಟ್ಟಿ ತುಂಬಿಸಿಕೊಂಡು ಹೋಗುತ್ತಿದ್ದರು. ಹಾಲು ಯಾರೂ ಒಯ್ಯುತ್ತಿರಲಿಲ್ಲ. ಯಾಕೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಪ್ಯಾಕೆಟ್ ಹಾಲು ಚೊಲೊ ಇರ್ತದ ಎನ್ನುತ್ತಿದ್ದರು. ನಮ್ಮ ಹಾಲು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗುತ್ತಿತ್ತು. ಅದೇ ಹೋಟೆಲಿನಲ್ಲಿ ವಿದ್ಯಾವತಿಬಾಯಿಯ ಗಂಡ ಅನೀಲಕುಮಾರ ಅವರು ದಿನಾ ಚಹಾ ಕುಡಿಯುತ್ತಾರೆ ಎಂದು ಹೇಳಿ ಇವರು ಹೊಟ್ಟೆ ಹಿಡಿದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದೇ. ಸಂಜೆ ಹೊತ್ತು ಓಣಿಯ ಹೆಣ್ಣುಮಕ್ಕಳು ವಿದ್ಯಾವತಿಬಾಯಿಯ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. ನಾನು ನನ್ನ ಗೇಟಿನಲ್ಲಿ ನಿಂತು ನೋಡುತ್ತಿದ್ದೆ. ಅವರೊಳಗೆ ಒಂದು ಕುರ್ಚಿ ನನಗೂ ಬೇಕಾಗಿತ್ತು. ಒಮ್ಮೆ ವಿದ್ಯಾವತಿಬಾಯಿ, ಮಲ್ಕಮ್ಮ, ನಿಮ್ಮ ಎಮ್ಮೆಯ ವಾಸನೆ ನಮ್ಮ ದೇವರ ಮನೆ ತನಕ ಬರುತ್ತದೆ ಎಂದರು. ಸಿಟ್ಟಿನಿಂದ ಅನ್ನಲಿಲ್ಲ. ನಗುತ್ತಲೇ ಅಂದರು. ನಾನು ಅದನ್ನೇ ಹಿಡಿದೆ. ಎಮ್ಮೆ ಹೋದರೆ ನಮಗೂ ಅವರಿಗೂ ನಡುವೆ ಏನೂ ಇರುವುದಿಲ್ಲ ಎಂದು ನಂಬಿದೆ. ಅಥವಾ ನಂಬಬೇಕೆಂದು ನಂಬಿದೆ. ಇವರ ಬೆನ್ನು ಹತ್ತಿದೆ. ಊಟಕ್ಕೆ ಕುಳಿತರೆ ಅದೇ ಮಾತು, ಮಲಗಿದರೆ ಅದೇ ಮಾತು. ಕಡೆಗೆ ಅವರು ಸುಮ್ಮನಾದರು. ಅವರು ಸುಮ್ಮನಾದರೆ ಒಪ್ಪಿದರು ಎಂದು ಅರ್ಥ. ಜವಳಿನ ಆಚೆಗಿನ ಇಸ್ಮಾಯಿಲನಿಗೆ ಚುಕ್ಕಿಯನ್ನು ಕೊಟ್ಟರು. ದೂರದವರಿಗೆ ಕೊಡಲಿಲ್ಲ.

ನಮ್ಮ ಕಡೆ ದನ ಮಾರಿದರೆ ಅದರ ಕೊರಳಿನ ಹಗ್ಗ, ಕಣ್ಣಿ, ಕೊಡುವುದಿಲ್ಲ. ಕೊಂಡವನು ತನ್ನ ಕಣ್ಣಿ ತಂದು ಹಾಕಿಕೊಂಡು ಒಯ್ಯುತ್ತಾನೆ. ಮಾರಿದವನ ಕಣ್ಣಿ ಮನೆಯಲ್ಲೇ ಉಳಿಯಬೇಕು, ಇಲ್ಲವಾದರೆ ಮುಂದೆ ಆ ಮನೆಗೆ ದನ ದಕ್ಕುವುದಿಲ್ಲ ಎನ್ನುತ್ತಾರೆ. ಇಸ್ಮಾಯಿಲ ಹಸಿರು ನೈಲಾನ್ ಹಗ್ಗ ತಂದಿದ್ದ. ಇವರು ಇಂಥದ್ದನ್ನೆಲ್ಲ ನಂಬುವವರಲ್ಲ. ಆದರೆ ಚುಕ್ಕಿಯ ಸೆಣಬಿನ ಕಣ್ಣಿ ಬಿಚ್ಚಿ, ಸುತ್ತಿ, ಬಾಗಿಲ ಹಿಂದಿನ ಗೂಟಕ್ಕೆ ತೂಗು ಹಾಕಿದರು. ನಾನು ಅದನ್ನೂ ಒಲೆಗೆ ಹಾಕೋಣ ಎಂದೆ. “ಹಗ್ಗ ಏನ್ ಹೊಲಸ ನಾರ್ತದಬೇ ನಿನಗ,” ಎಂದರು. ಅದೊಂದು ಸಲ ನಗಲಿಲ್ಲ.

ಎಮ್ಮೆ ಹೋದ ಮೇಲೆ ನಾನು ಹಿತ್ತಲ ತೊಳೆದೆ. ಫಿನಾಯಿಲ್ ಹಾಕಿದೆ. ಕುಳ್ಳಿನ ಬಣವಿ ಒಂದೇ ಉಳಿಯಿತು, ಅದನ್ನೂ ಉರಿಸಿ ಮುಗಿಸಿದರೆ ಆಯಿತು ಎಂದುಕೊಂಡೆ. ಅದೇ ಸುಮಾರಿಗೆ ಓಣಿಯವರೆಲ್ಲ ಸೇರಿ ಜೆಸಿಬಿ ತರಿಸಿ ಗಟಾರ ತೋಡಿಸಿದರು. ತೋಡಿದ ಮಣ್ಣನ್ನು ಜವಳಿಗೆ ಸುರಿದರು. ಇವರು ಹೋಗಿ ನೋಡಿ ಬಂದು, ಬದುವಿನ ಮೇಲೇ ಸುರಿದಾರ, ಆ ಮಣ್ಣು ಕೂತು ಗಟ್ಟಿಯಾಗಲು ಒಂದು ಮಳೆಗಾಲ ಬೇಕು ಎಂದರು. ನಾನು, ನಮಗೇನು, ಎಮ್ಮೆ ಇಲ್ಲವಲ್ಲ ಎಂದೆ.

ಆದರೆ ಚುಕ್ಕಿ ಅಲ್ಲಿ ಹಾಲು ಬಿಡಲಿಲ್ಲ. ಇಸ್ಮಾಯಿಲ ಬಂದು ಕರೆದ. ಇವರು ದಿನಾ ನಸುಕಿನಲ್ಲಿ ಓಣಿ ಹಿಡಿದು, ರಸ್ತೆ ಸುತ್ತಿ ಹೋಗಿ, ಹಾಲು ಹಿಂಡಿಕೊಟ್ಟು ಬರತೊಡಗಿದರು. ಕೂಲಿಗೆ ಅಲ್ಲ. ಕೊಟ್ಟ ಎಮ್ಮೆ ಹಾಲು ಕೊಡದಿದ್ದರೆ ಕೊಟ್ಟವನ ಮಾತು ಕೆಡುತ್ತದೆ ಎಂದು ನನಗೆ ಹೇಳಿದರು. ಅದು ನೆಪ ಎಂದು ನನಗೂ ಗೊತ್ತಿತ್ತು.

ಆ ಸಂಜೆ ನಾನು ಮಗಳು ಕೊಡಿಸಿದ ಇಳಕಲ್ ಸೀರೆ ಉಟ್ಟು ಕುಬಸಕ್ಕೆ ಹೋದೆ. ಕಟ್ಟೆಯ ಮೇಲೆ ಕುರ್ಚಿ ಕೊಟ್ಟರು. ಎಲ್ಲರಿಗೂ ಕಾಗದದ ಲೋಟದಲ್ಲಿ ಚಹಾ ಬಂತು. ನನಗೂ ಕಾಗದದ ಲೋಟ. ಬೇರೆ ಲೋಟ ಅಲ್ಲ. ಖುಷಿಯಾಯಿತು. ಬಸುರಿಗೆ ಹಸಿರು ಬಳೆ ಇಟ್ಟರು, ಹಾಡು ಹೇಳಿದರು, ನಾನೂ ದನಿ ಕೂಡಿಸಿದೆ. ಆಗ ವಿದ್ಯಾವತಿಬಾಯಿಯ ಅತ್ತೆ ಸುಭದ್ರಾಬಾಯಿ, ಕಿವಿ ಸ್ವಲ್ಪ ಮಂದ, ಅದಕ್ಕೆ ದನಿ ದೊಡ್ಡದು, ಎಲ್ಲರೂ ಕೇಳುವ ಹಾಗೆ ನನ್ನ ಕಡೆ ತಿರುಗಿದರು.

“ಮಲ್ಕಮ್ಮ, ನಿನ್ನ ಗಂಡ ಇಸ್ಮಾಯಿಲನ ಮನ್ಯಾಗ ಆಳ ಇದ್ದಾನೇನ ಈಗ? ದಿನಾ ಹೊತ್ತು ಹೊಂಡೂದ್ರಾಗ ನಮ್ಮ ಗೇಟಿನ ಮುಂದ ಹೋಗ್ತಾನ.”

ಕುಹಕ ಇರಲಿಲ್ಲ. ಕೇಳಿದರು ಅಷ್ಟೇ. ಯಾರೋ ಇಬ್ಬರು ನಕ್ಕರು, ಉಳಿದವರು ಸೀರೆ ನೋಡಿಕೊಂಡರು. ನಾನು ಇಲ್ರಿ ಎಂದೆ. ಕುರ್ಚಿ ಅದೇ ಇತ್ತು, ಆದರೆ ಕೂಡಲು ಆಗಲಿಲ್ಲ. ತಟ್ಟೆಯಲ್ಲಿ ಕೊಟ್ಟ ಉಂಡಿ ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಇವರು ಕಟ್ಟೆಯ ಮೇಲೆ ಬೀಡಿ ಸೇದುತ್ತಾ ಕುಳಿತಿದ್ದರು. ಉಂಡಿ ಕೊಡುವ ಮುಂಚೆ ಮಾತು ತೆಗೆದೆ.

“ನಾಳಿಂದ ಓಣ್ಯಾಗ ಹೋಗಬ್ಯಾಡ್ರಿ. ಹಿತ್ತಲದಿಂದ ಹೋಗ್ರಿ. ಮಂದಿ ಆಳ ಅನ್ನಾಕತ್ತಾರ.”

“ಮಂದಿ ಅಂದ್ರ ಯಾರು?”

“ಎಲ್ಲಾರೂ.”

“ಎಲ್ಲಾರೂ ಅಂದ್ರ ಸುಭದ್ರಾಬಾಯಿ,” ಎಂದು ನಕ್ಕರು. “ಆತು ಬಿಡಬೇ, ಲೇಔಟ್ ಬಾಯಿ. ಹಿತ್ತಲದಿಂದ ಹೋಗ್ತೇನಿ. ನಿನ್ನ ಕುರ್ಚಿ ಗಟ್ಟಿ ಇರಲಿ.”

ಆಮೇಲೆ ಉಂಡಿ ತಿಂದರು. ಅರ್ಧ ನನಗೆ ಮುರಿದು ಕೊಟ್ಟರು. ನಾನು ಬೇಡ ಎಂದೆ.

ಹಿತ್ತಲದಿಂದ ಹೋಗುವುದು ಎಂದರೆ ಜವಳಿನಲ್ಲಿ ಹೋಗುವುದು. ಹಿತ್ತಲಿಗೆ ಬೇರೆ ದಾರಿ ಇಲ್ಲ. ಅದು ನನಗೆ ಗೊತ್ತಿತ್ತು. ಅವರು ಎಷ್ಟೋ ಸಲ ಹೋಗಿದ್ದಾರೆ, ದಾರಿ ಬಲ್ಲವರು ಎಂದುಕೊಂಡೆ. ಎಮ್ಮೆಯ ಬಾಲ ಹಿಡಿದು ಹೋಗಿದ್ದರು ಎನ್ನುವುದು ನೆನಪಾಗಲಿಲ್ಲ. ನೆನಪಾಗಿದ್ದರೂ ಹೇಳುತ್ತಿದ್ದೆನೋ ಏನೋ. ಆ ಹೊತ್ತಿಗೆ ನನ್ನ ಕಣ್ಣ ಮುಂದೆ ನಕ್ಕ ಆ ಇಬ್ಬರು ಇದ್ದರು.

ನಸುಕಿನಲ್ಲಿ ಹಿತ್ತಲ ಬಾಗಿಲಿನ ಚಿಲಕ ತೆಗೆದ ಸದ್ದು ಕೇಳಿತು. ಎದ್ದು ಚಹಾ ಮಾಡಿಕೊಡಬಹುದಿತ್ತು. ಏಳಲಿಲ್ಲ. ಚಳಿ ಇತ್ತು. ಹೊದಿಕೆ ಎಳೆದುಕೊಂಡೆ.

ಎದ್ದಾಗ ಮಂಜು. ಜವಳು ಕಾಣುತ್ತಿರಲಿಲ್ಲ, ಹಕ್ಕಿಗಳ ಸದ್ದು ಅಷ್ಟೇ. ಅಂಗಳ ಕಸ ಹೊಡೆದು ನೀರು ಚಿಮುಕಿಸುತ್ತಿದ್ದಾಗ ಇಸ್ಮಾಯಿಲ ಮೋಟರ್ ಸೈಕಲ್ಲಿಗೆ ಖಾಲಿ ಕ್ಯಾನು ಕಟ್ಟಿಕೊಂಡು ಓಣಿಯಲ್ಲಿ ಬಂದ.

“ಯಾಕ ವೈನಿ, ಧರ್ಮಣ್ಣ ಇನ್ನಾ ಮಲಗ್ಯಾನೇನು? ಅಲ್ಲಿ ಚುಕ್ಕಿ ಒದರಾಕತ್ತಾಳ.”

“ನಿಮ್ಮಲ್ಲಿಗೇ ಬಂದಾರಲ್ಲ.”

“ಹಾದ್ಯಾಗ ಎಲ್ಲೂ ಸಿಗಲಿಲ್ಲ ನನಗ.”

“ಹಾದೀಲೆ ಬಂದಿಲ್ಲ ಅವರು,” ಎಂದೆ.

ಇಸ್ಮಾಯಿಲ ಗಾಡಿ ಬಂದ್ ಮಾಡಿದ. ಇಬ್ಬರೂ ಹಿತ್ತಲಿಗೆ ಹೋದೆವು. ಕಲ್ಲಿನ ಮೇಲೆ ಅವರ ಚಪ್ಪಲಿ ಇದ್ದವು. ನೀರಿಗೆ ಇಳಿಯುವ ಮುಂಚೆ ಯಾವಾಗಲೂ ಅಲ್ಲೇ ಬಿಡುತ್ತಿದ್ದರು. ಇಸ್ಮಾಯಿಲ ಕೂಗಿದ. ನಾನು ಕೂಗಲಿಲ್ಲ. ಗಂಡನ ಹೆಸರು ಹಿಡಿದು ಕೂಗಿ ರೂಢಿ ಇರಲಿಲ್ಲ. ಏನೆಂದು ಕೂಗಬೇಕು ತಿಳಿಯಲಿಲ್ಲ.

ಓಣಿ ಎಲ್ಲ ಬಂದು ದಂಡೆಗೆ ನಿಂತಿತು. ಅನೀಲಕುಮಾರ ಅವರು ಫೋನ್ ಹಚ್ಚಿ ಊರಿನಿಂದ ಮಂದಿ ಕರೆಸುತ್ತಿದ್ದರು. ನೀರಿಗೆ ಯಾರೂ ಇಳಿಯಲಿಲ್ಲ. ಇಳಿಯಿರಿ ಎಂದು ನಾನೂ ಹೇಳುವ ಹಾಗಿರಲಿಲ್ಲ. ಇಸ್ಮಾಯಿಲ ಹೋಗಿ ರಸ್ತೆ ಸುತ್ತಿ ಚುಕ್ಕಿಯನ್ನು ಹೊಡೆದುಕೊಂಡು ಬಂದ. ದಂಡೆಗೆ ಬಂದು ಎಮ್ಮೆ ನಾಲ್ಕೂ ಕಾಲು ಊರಿ ನಿಂತಿತು. ಅವನು ನೈಲಾನ್ ಹಗ್ಗ ಜಗ್ಗಿದ, ಕೋಲಿನಿಂದ ಹೊಡೆದ. ಹಗ್ಗ ಕೊರಳಿಗೆ ಒತ್ತಿ ಕಣ್ಣು ಹೊರಗೆ ಬಂದವು. ಅದು ಕದಲಲಿಲ್ಲ.

ನಾನು ಒಳಗೆ ಹೋಗಿ ಬಾಗಿಲ ಹಿಂದಿನ ಗೂಟದಿಂದ ಹಳೆಯ ಕಣ್ಣಿ ತಂದೆ. ಯಾಕೆ ತಂದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಬೇರೆ ಏನೂ ಮಾಡಲು ಇರಲಿಲ್ಲ. ಇಸ್ಮಾಯಿಲ ಒಮ್ಮೆ ಕಣ್ಣಿ ನೋಡಿದ, ಒಮ್ಮೆ ನನ್ನನ್ನು ನೋಡಿದ. ಅದರ ಅರ್ಥ ಅವನಿಗೂ ಗೊತ್ತು, ನನಗೂ ಗೊತ್ತು. ತನ್ನ ಹಗ್ಗ ಬಿಚ್ಚಿದ. ನಾನು ಚುಕ್ಕಿಯ ಕೊರಳಿಗೆ ಕಣ್ಣಿ ಹಾಕಿದೆ. ಅದು ಕಣ್ಣಿ ಮೂಸಿತು. ಆಮೇಲೆ ತಾನೇ ನೀರಿಗೆ ಇಳಿಯಿತು. ಇಸ್ಮಾಯಿಲ ಬಾಲ ಹಿಡಿದು ಹಿಂದೆ ಹೋದ.

ಎಮ್ಮೆ ಬದು ಹಿಡಿದು ನಡೆಯಿತು. ಜೆಸಿಬಿ ಮಣ್ಣು ಸುರಿದ ಕಡೆ ಬಂದಾಗ ನಿಂತಿತು. ಕಾಲು ಒತ್ತಿತು, ಹಿಂದೆ ತೆಗೆಯಿತು. ಎಡಕ್ಕೆ ಸುತ್ತು ಹಾಕಿ ಜಂಬಿನೊಳಗೆ ಹೋಯಿತು. ಅಲ್ಲಿಂದ ಇಸ್ಮಾಯಿಲನ ದನಿ ಬಂತು. ಅವನು ಹೇಳಿದ್ದು ತಿಳಿಯಲಿಲ್ಲ. ತಿಳಿಯಿತು.

ಎಮ್ಮೆ ಯಜಮಾನನನ್ನು ಹುಡುಕಿ ಕೊಟ್ಟಿತು ಎಂದು ಓಣಿಯಲ್ಲಿ ಈಗಲೂ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಅದು ತನಗೆ ಗಟ್ಟಿ ಅನ್ನಿಸಿದ ದಾರಿ ಹಿಡಿದು ಹೋಯಿತು ಅಷ್ಟೇ. ನಮ್ಮವರೂ ಎಡಕ್ಕೇ ಸುತ್ತು ಹಾಕಿದ್ದರು. ಆ ಗಟ್ಟಿ ದಾರಿಯಿಂದ ಒಂದು ಮಾರು ಆಚೆಗೆ ಇದ್ದರು.

ಊರಿನಿಂದ ಮಂದಿ ಬಂದು ತೆಗೆದರು. ಪೊಲೀಸರು ಬಂದು ಬರೆದುಕೊಂಡರು. ಆ ಹೊತ್ತಿನಲ್ಲಿ ಯಾಕೆ ಈ ದಾರಿಯಲ್ಲಿ ಹೋದರು ಎಂದು ಕೇಳಿದರು. ಹತ್ತಿರದ ದಾರಿ ಎಂದು ಯಾರೋ ಹೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅವರು ಬರೆದು ಮುಗಿಸಿದ್ದರು. ಪಂಚಶೀಲಾ ಅಫಜಲಪುರದಿಂದ ಬಂದ ಮೇಲೆ ಬುದ್ಧವಂದನೆ ಹೇಳಿ ಮಣ್ಣು ಮಾಡಿದೆವು. ಓಣಿಯವರು ಎಲ್ಲರೂ ಬಂದರು. ಗಂಡಸರು ಹೆಗಲು ಕೊಟ್ಟರು. ಅನೀಲಕುಮಾರ ಅವರೂ ಕೊಟ್ಟರು. ಇವರು ಇದ್ದಿದ್ದರೆ ಅದಕ್ಕೂ ಏನಾದರೂ ಅಂದು ನಗುತ್ತಿದ್ದರು.

ಮೂರನೇ ದಿನ ಇಸ್ಮಾಯಿಲ ಬಂದು ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ. ಚುಕ್ಕಿಯನ್ನು ಅವತ್ತಿನಿಂದ ನಮ್ಮ ಹಿತ್ತಲಲ್ಲೇ ಬಿಟ್ಟುಹೋಗಿದ್ದ. ಒಯ್ಯಿ ಎಂದೆ. ಅವನು ತಲೆ ಅಲ್ಲಾಡಿಸಿದ.

“ನಿಮ್ಮ ಕಣ್ಣಿ ಬಿದ್ದೈತಿ ವೈನಿ. ಇನ್ನ ಅದು ನಮ್ಮ ದನ ಅಲ್ಲ. ರೊಕ್ಕದ ಮಾತು ಯಾವಾಗಾರ ಆಡೂಣ.”

ನನಗೆ ಅದರ ಮುಖ ನೋಡಲು ಆಗುವುದಿಲ್ಲ ಎಂದೆ. ಖರೇನೇ ಆಗುತ್ತಿರಲಿಲ್ಲ. ಮಗಳು, ಮನೆಗೆ ಕೀಲಿ ಹಾಕು, ನನ್ನ ಜೊತೆ ಬಾ ಎಂದಳು. ಹೋಗಬೇಕೆಂದೇ ಇದ್ದೆ. ಜವಳಿನ ಕಡೆಯ ಕಿಟಕಿ ತೆರೆಯುವುದನ್ನೇ ಬಿಟ್ಟಿದ್ದೆ. ಆದರೆ ಹಿತ್ತಲಲ್ಲಿ ಎಮ್ಮೆ ಒದರುತ್ತಿತ್ತು. ಕೆಚ್ಚಲು ಕಲ್ಲಿನ ಹಾಗೆ ಆಗಿತ್ತು. ಇಸ್ಮಾಯಿಲ ಎರಡು ಹೊತ್ತೂ ಬಂದು ಬಡಿದಾಡಿ ಹೋಗುತ್ತಿದ್ದ. ಅದಕ್ಕೆ ನೋವು ಎನ್ನುವುದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಜೀವ ಹೋದದ್ದು ಸಾಲದೇ ಎಂದು ನಾನೇ ಚರಿಗೆ ಹಿಡಿದು ಕುಳಿತೆ. ಕೈ ಹಚ್ಚಿದೆ. ಒದೆಯಲಿಲ್ಲ, ಆದರೆ ಬಿಡಲೂ ಇಲ್ಲ.

ಇವರು ಹಿಂಡುವಾಗ ಏನೋ ಮಾತಾಡುತ್ತಿದ್ದರು. ಅಷ್ಟು ವರ್ಷ ಗೋಡೆಯ ಈಚೆ ನಾನು ಪಾತ್ರೆ ತೊಳೆದಿದ್ದೇನೆ, ಒಂದು ದಿನ ಕಿವಿಗೊಟ್ಟಿಲ್ಲ. ಅವರು ಏನು ಹೇಳುತ್ತಿದ್ದರು ಎಂದು ಇಸ್ಮಾಯಿಲನನ್ನು ಕೇಳಬೇಕಾಯಿತು. ನನ್ನ ಗಂಡನ ಮಾತನ್ನು ಎಮ್ಮೆ ಕೊಂಡವನಿಂದ ಕೇಳಬೇಕಾಯಿತು.

“ಏನಿಲ್ಲ ವೈನಿ,” ಎಂದ. “ಮನಿ ಸುದ್ದಿ ಹೇಳ್ತಿದ್ದ. ಮಲ್ಕಿ ನಿನ್ನಿ ಪುಂಡಿಪಲ್ಯ ಮಾಡ್ಯಾಳ, ಸಿಟ್ಟಿನ್ಯಾಗ ಅದಾಳ, ತಣ್ಣನ ರೊಟ್ಟಿ ಹಾಕ್ಯಾಳ. ಇಂಥಾವೇ.”

ಇಸ್ಮಾಯಿಲ ಹೋದ ಮೇಲೆ ಮತ್ತೆ ಕುಳಿತೆ. ಹೇಳಲು ಸುದ್ದಿ ಏನೂ ಇರಲಿಲ್ಲ. ಒಲೆ ಹಚ್ಚಿಲ್ಲ ಎಂದೆ. ಪಂಚಿ ಬಾ ಅನ್ನುತ್ತಾಳೆ ಎಂದೆ. ಆಮೇಲೆ ಇದ್ದದ್ದನ್ನು ಹೇಳಿದೆ, ನಾನೇ ಕಳಿಸಿದೆ ಎಂದು. ಅವತ್ತು ಬಿಡಲಿಲ್ಲ. ಮರುದಿನ ಒಂದಿಷ್ಟು ಬಿಟ್ಟಿತು. ಅದು ನನ್ನ ಮಾತಿಗೆ ಬಿಟ್ಟಿತೋ, ನೋವು ತಡೆಯದೆ ಬಿಟ್ಟಿತೋ, ಎಮ್ಮೆಗೇ ಗೊತ್ತು. ಮಗಳಿಗೆ ನಾನು ಈಗ ಬರುವುದಿಲ್ಲ ಎಂದೆ. ಒಂದು ಸಲ ಮಾರಿ ಆಗಿದೆ. ಇನ್ನೊಂದು ಸಲ ನನ್ನಿಂದ ಆಗುವುದಿಲ್ಲ.

ವಿದ್ಯಾವತಿಬಾಯಿ ಬಂದದ್ದು ಆಮೇಲೆ. ಗೇಟಿನಲ್ಲಿ ನಿಲ್ಲಲಿಲ್ಲ, ಒಳಗೆ ಬಂದು ನೆಲದ ಮೇಲೆ ಕುಳಿತರು. ಮುಂಚೆ ಮಲ್ಕಮ್ಮ ಎನ್ನುತ್ತಿದ್ದವರು ಈಗ ಅಕ್ಕ ಎಂದರು.

“ಮಲ್ಕಮ್ಮಕ್ಕ, ನಮ್ಮತ್ತಿ ಅವತ್ತ ಹಂಗ ಅನಬಾರದಿತ್ತು. ನಾ ಅದಕ್ಕ ಊಟಾನೂ ಸರಿ ಮಾಡವಲ್ಲೆ.”

ಕಣ್ಣಲ್ಲಿ ನೀರು ಇತ್ತು. ಖರೇ ನೀರು. ನಾನು ಸುಮ್ಮನೆ ಇದ್ದಿದ್ದರೆ ಆ ಭಾರ ಅವರ ಮನೆಯಲ್ಲೇ ಉಳಿಯುತ್ತಿತ್ತು. ಒಂದು ಗಳಿಗೆ ಉಳಿಯಲಿ ಎಂದೂ ಅನ್ನಿಸಿತು. ನಮ್ಮ ಹಾಲು ಮುಟ್ಟದವರು, ಒಂದಿಷ್ಟು ಹೊರಲಿ ಎಂದು. ಆದರೆ ಅದು ಅವರದ್ದಲ್ಲ.

“ನಿಮ್ಮತ್ತಿಯವರು ಕೇಳಿದ್ರಷ್ಟ, ಬಾಯಿ,” ಎಂದೆ. “ಹಿತ್ತಲದಿಂದ ಹೋಗ್ರಿ ಅಂದಾಕಿ ನಾನು.”

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು. ಗೇಟಿನ ಹತ್ತಿರ ಹೋದವರು ತಿರುಗಿ, ನಾಳೆಯಿಂದ ನಮ್ಮ ಮನೆಗೂ ಅರ್ಧ ಲೀಟರ್ ಹಾಲು ಹಾಕು ಎಂದರು. ಆಯಿತು ಎಂದೆ. ಈಗ ದಿನಾ ಹಾಕುತ್ತೇನೆ. 

ಅವರು ಸ್ಟೀಲಿನ ಪಾತ್ರೆ ಹಿಡಿಯುತ್ತಾರೆ, ನಾನು ಸುರಿಯುತ್ತೇನೆ. ಅದನ್ನು ಮನೆಮಂದಿ ಕುಡಿಯುತ್ತಾರೋ ಬೆಕ್ಕಿಗೆ ಹಾಕುತ್ತಾರೋ, ನಾನು ಒಳಗೆ ಹೋಗಿ ನೋಡಿಲ್ಲ. ಸಂಜೆ ಕಟ್ಟೆಯ ಮೇಲೆ ನನಗೆ ಒಂದು ಕುರ್ಚಿ ಹಾಕುತ್ತಾರೆ. ಕರೆಯುತ್ತಾರೆ ಕೂಡ. ಎಮ್ಮೆಗೆ ನೀರು ಕುಡಿಸಬೇಕು ಎಂದು ಹೇಳುತ್ತೇನೆ.

ಹಿತ್ತಲ ಬಾಗಿಲಿಗೆ ಕೀಲಿ ಹಾಕಿದ್ದೇನೆ. ಮುಂಜಾನೆ ಹೊತ್ತು ಮೂಡಿ, ಮಂದಿ ಎದ್ದು, ಗೇಟುಗಳೆಲ್ಲ ತೆರೆದ ಮೇಲೆ ಚುಕ್ಕಿಯ ಕಣ್ಣಿ ಹಿಡಿದು ಮುಂದಿನ ಬಾಗಿಲಿನಿಂದ ಹೊರಡುತ್ತೇನೆ. ಓಣಿಯ ನಡುವೆ ನಡೆಯುತ್ತೇವೆ. ಓಣಿ ಅಗಲ ಇದೆ. ಎಮ್ಮೆ, ಮನುಷ್ಯ, ಎದುರಿನಿಂದ ಕಾರು ಬಂದರೂ ಸಾಕಾಗುವಷ್ಟು ಅಗಲ ಇದೆ. ನಮ್ಮವರೂ ಇಲ್ಲೇ ಹೋಗಬಹುದಿತ್ತು. ಕಟ್ಟೆಯ ಮೇಲೆ ಸುಭದ್ರಾಬಾಯಿ ಕುಳಿತಿರುತ್ತಾರೆ, ಕೈ ಎತ್ತುತ್ತಾರೆ. ನಾನೂ ಎತ್ತುತ್ತೇನೆ. ಓಣಿ ಮುಗಿದಲ್ಲಿ, ನೀರು ಮೊಣಕಾಲಿಗೆ ಬರುವಷ್ಟು ದೂರ ಎಮ್ಮೆಯನ್ನು ಬಿಟ್ಟು ಮೈ ತೊಳೆಯುತ್ತೇನೆ. ಅದು ಮುಂದೆ ಹೋಗಲು ಜಗ್ಗುತ್ತದೆ. ನಾನು ಹೋಗುವುದಿಲ್ಲ.

ಆಮೇಲೆ ಅದನ್ನು ದಂಡೆಯ ಜಾಲಿಗೆ ಕಟ್ಟಿ ತಿರುಗಿ ಬರುತ್ತೇನೆ, ನಮ್ಮವರ ಕಸಬರಿಗೆ, ಅವರ ಬುಟ್ಟಿ ಹಿಡಿದು. ಓಣಿಯ ಆ ತುದಿಯಿಂದ ಈ ತುದಿಗೆ, ಎಲ್ಲಿ ಎಲ್ಲಿ ಹಾಕಿದೆಯೋ ಅಲ್ಲಿ ಕೂತು ಸಗಣಿ ಬಳಿದು ಬುಟ್ಟಿಗೆ ಹಾಕುತ್ತೇನೆ. ನೀರು ಹಾಕಿ ಉಜ್ಜುತ್ತೇನೆ. ಕಲೆ ಉಳಿದಿದ್ದರೆ ಇನ್ನೊಮ್ಮೆ ಉಜ್ಜುತ್ತೇನೆ.